ಗಾಲಿಯ ಜ್ವರ ನೋಡುತ್ತಿದ್ದ ಕೈ

ಅಕ್ಕ ಹೋದರು ಎಂಬ ಸುದ್ದಿ ಬಂದಾಗ ನಾನು ಸಿಡ್ನಿಯ ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಜೋಳದ ಹಿಟ್ಟಿನ ಚೀಲ ಹಿಡಿದು ನಿಂತಿದ್ದೆ. ಮೆಲ್ಬರ್ನ್‌ನಿಂದ ಫೋನ್ ಮಾಡಿದವರು ಅವರ ಯಜಮಾನರು, ನಾವೆಲ್ಲ ಭಾವ ಎಂದು ಕರೆಯುವವರು. "ಅಕಿ ಹೋದಳವಾ," ಎಂದರು. ಅರವತ್ತೂ ತುಂಬದ ಹೆಂಗಸು. ಅದರ ಹಿಂದಿನ ವಾರವಷ್ಟೇ ಫೋನಿನಲ್ಲಿ, "ಕಾರಿಗೆ ಹವಾ ನೋಡೀಯೋ ಇಲ್ಲೋ?" ಎಂದು ನನ್ನನ್ನು ಗದರಿಸಿದ್ದವರು. ನನಗೆ ಅಳು ಕೂಡ ಬರಲಿಲ್ಲ. ಗರ ಬಡಿದವಳ ಹಾಗೆ ನಿಂತಿದ್ದವಳನ್ನು ಸಾಲಿನಲ್ಲಿ ಹಿಂದಿದ್ದವರು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮುಂದೆ ಹೋದರಂತೆ, ಅದೂ ನನಗೆ ತಿಳಿಯಲಿಲ್ಲ.

ತೀರಿಕೊಂಡವರ ಮಾತು ಬಂದಾಗ ನಮ್ಮ ಜನ ಅವರ ಕೈಅಡುಗೆಯನ್ನು ನೆನೆಯುತ್ತಾರೆ. ಅಕ್ಕನ ಕೈಯ ಎಣ್ಣೆಗಾಯಿಯನ್ನು ನೆನೆಯುವವರು ಸಿಡ್ನಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ಮೊದಲು ಕಣ್ಣಿಗೆ ಕಟ್ಟುವುದು ಆ ಕೈ. ಬಲಗೈ. ಅದನ್ನು ಬಗ್ಗಿ ಟೈರಿನ ಮೇಲೆ ಇಡುತ್ತಿದ್ದ ರೀತಿ.

ಅವರನ್ನು ನಾನು ಮೊದಲು ನೋಡಿದ್ದೇ ಹಾಗೆ. ನಾರ್ವೆಸ್ಟ್‌ನಲ್ಲಿ ನನಗೆ ಹೊಸ ಕೆಲಸ. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಇಳಿದರೆ, ಇಸ್ತ್ರಿ ಮಾಡಿದ ಪ್ಯಾಂಟು ಶರ್ಟು ತೊಟ್ಟ, ಹಣೆಯಲ್ಲಿ ಕುಂಕುಮವಿದ್ದ ಹೆಂಗಸೊಬ್ಬರು ನನ್ನ ಕಾರಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಮಗುವಿನ ಹಣೆ ಮುಟ್ಟುವಂತೆ ಕೈಯ ಹಿಂಬದಿಯಿಂದ ಟೈರು ಮುಟ್ಟುತ್ತಿದ್ದಾರೆ. ಇದ್ಯಾವ ಹುಚ್ಚಪ್ಪಾ ಬೆಳಬೆಳಿಗ್ಗೆ ಅಂದುಕೊಂಡೆ.

"ಕನ್ನಡದಾಕಿ ಹೌದಲ್ಲೋ? ಹಿಂದಿನ ಗಾಜಿನ ಮ್ಯಾಲ ಗಣಪ್ಪನ ಸ್ಟಿಕ್ಕರ್ ನೋಡೇ ಅಂದಕೊಂಡೆ," ಎಂದರು. "ತಂಗಿ, ನಿನ್ನ ಗಾಡಿಗೆ ಜ್ವರ ಬಂದದ. ಈ ಕಡೀದು ಆ ಕಡೀಕಿಂತ ಬಿಸಿ ಅದ ನೋಡು. ಹವಾ ಕಡಿಮೆ ಅದ."

ಹುಬ್ಬಳ್ಳಿಯವರು. ನಮ್ಮ ವಿಭಾಗದಲ್ಲೇ ಎಲ್ಲರಿಗಿಂತ ಹಿರಿಯ ಪ್ರೋಗ್ರಾಮರ್ ಎಂದು ಗೊತ್ತಾಗಿದ್ದು ಹತ್ತು ಗಂಟೆಯ ಮೀಟಿಂಗಿನಲ್ಲಿ. ನಾನೋ ಬೆಂಗಳೂರಿನವಳು. ಪೆಟ್ರೋಲ್ ಬಂಕಿನಲ್ಲಿ ಕಿಟಕಿಯ ಗಾಜನ್ನು ಅರ್ಧ ಇಳಿಸಿ "ಗಾಳಿ ನೋಡಪ್ಪಾ" ಅಂದರೆ ಮುಗಿಯಿತು ಎಂದುಕೊಂಡು ಬೆಳೆದವಳು. ಟೈರಿನ ಬಾಯಿಯ ಆ ಪುಟ್ಟ ಮುಚ್ಚಳವನ್ನು ನನ್ನ ಕೈಯಾರೆ ತೆಗೆದದ್ದು ಅಂದು ಸಂಜೆ, ಅಕ್ಕನ ಬೈಗುಳದ ನಡುವೆ. "ಕೆಳಗ ಬೀಳಿಸಬ್ಯಾಡ, ಕಿಸೆದಾಗ ಇಟ್ಕೋ. ಎಷ್ಟು ಅಂಜತೀ? ಹಾವಲ್ಲ ಅದು."

ಮಗಳು, ಅಳಿಯ, ಮೊಮ್ಮಕ್ಕಳು ಎಂಬ ಗೊಡವೆ ಅವರಿಗೆ ಇರಲಿಲ್ಲ. ಗಂಡ ಹೆಂಡತಿ ಇಬ್ಬರೇ. ಮನೆ ಕೊಂಡು ಮಾರ್ಟ್‌ಗೇಜ್ ಸಾಲ ತೀರಿಸುವುದರಲ್ಲೇ ನಾವೆಲ್ಲ ಮುಳುಗಿದ್ದಾಗ ಅವರು ಹಳೆಯದೊಂದು ಕ್ಯಾರವಾನ್ ತಂದು ಮನೆಯ ಮುಂದೆ ನಿಲ್ಲಿಸಿದರು. ಪೆಂಡಲ್ ಹಿಲ್‌ನ ಕನ್ನಡದ ಮನೆಗಳಲ್ಲಿ ಅದೇ ಮಾತು. ಹೆಂಗಸು, ಅದೂ ಐವತ್ತು ದಾಟಿದವರು, ಕಾರಿನ ಬೆನ್ನಿಗೆ ಮನೆ ಕಟ್ಟಿಕೊಂಡು ಊರೂರು ತಿರುಗುವುದೆಂದರೇನು? ಭಾವ ಯಾಕೆ ಸುಮ್ಮನಿದ್ದಾರೆ?

ಭಾವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ರಸ್ತೆ ದಾಟುವಾಗಲೇ ಎರಡೂ ಕಡೆಯವರಿಗೆ ಕೈ ಮುಗಿಯುವಷ್ಟು ಅಂಜುಬುರುಕ ಮನುಷ್ಯ. ಆದರೆ ಊರು ನೋಡುವ ಹುಚ್ಚು ಅವರದೇ. ದಪ್ಪನೆಯ ಭೂಪಟದ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಾಫಿಯ ಫ್ಲಾಸ್ಕನ್ನು ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಅವರು ಪಕ್ಕದ ಸೀಟಿನಲ್ಲಿ ಕೂತರೆ ರಾಜಗಾಂಭೀರ್ಯ. ಕೈಫೋನಿನಲ್ಲಿ ನಕ್ಷೆ ಬರುವ ಮೊದಲಿನ ಕಾಲ ಅದು. "ಇವರಿಗೆ ದೇಶ ಪೂರಾ ಸುತ್ತಬೇಕಂತ," ಎನ್ನುತ್ತಿದ್ದರು ಅಕ್ಕ. "ಡಾರ್ವಿನ್, ಪರ್ತ್, ಎಲ್ಲಾ. ನಾ ರಿಟೈರ್ ಆದ ದಿನಾನ ಹೊರಡೋದು. ಇವರು ನೋಡಲಿ, ನಾ ಹೊಡೀತೀನಿ." ಹೀಗೆ ಹೇಳುವಾಗ ಅವರ ಮುಖ ನೋಡಬೇಕಿತ್ತು. ಅದೊಂದೇ ಆಸೆ ಆ ಮನೆಯಲ್ಲಿ.

ಆಯುಧಪೂಜೆಯ ದಿನ ಕ್ಯಾರವಾನಿಗೂ ಪೂಜೆ. ಗಾಲಿಗಳ ಕೆಳಗೆ ಇಡಲೆಂದು ನಾನು ನಿಂಬೆಹಣ್ಣು ತಂದಿದ್ದೆ. ಅಕ್ಕ ತಡೆದರು. ಮೊದಲು ಗಾಳಿ ಅಳೆಯುವ ಗೇಜು ಹಿಡಿದು ಒಂದೊಂದೇ ಟೈರು ನೋಡಿದರು. "ನಿಂಬಿಹಣ್ಣು ದೇವರ ಕೆಲಸ, ಹವಾ ನಮ್ಮ ಕೆಲಸ. ನಮ್ಮದು ಮುಗಿಸಿ ಆಮ್ಯಾಲ ದೇವರಿಗೆ ಹೇಳೋಣು." ಕ್ಯಾರವಾನಿನ ಟೈರಿಗೆ ಎಷ್ಟು ಗಾಳಿ ಬೇಕೆಂದು ಅಂಟಿಸಿರುವ ಪಟ್ಟಿಯ ಮೇಲೆ ನಾನು ಭಕ್ತಿಯಿಂದ ಅರಿಸಿನ ಕುಂಕುಮ ಬಳಿದಿದ್ದೆ. ಅದನ್ನು ಸೆರಗಿನಿಂದ ಒರೆಸಿ ಒರೆಸಿ ಬೈದರು. ಕಾರಿನ ಲೆಕ್ಕ ಬೇರೆ, ಕ್ಯಾರವಾನಿನ ಲೆಕ್ಕ ಬೇರೆಯಂತೆ. ಕ್ಯಾರವಾನಿನ ಮೂತಿಯ ಭಾರವೆಲ್ಲ ಕಾರಿನ ಹಿಂಭಾಗದ ಮೇಲೆ ಕೂರುವುದರಿಂದ ಕಾರಿನ ಹಿಂದಿನ ಎರಡು ಟೈರಿಗೂ ತುಸು ಹೆಚ್ಚು ಗಾಳಿ ಬೇಕಂತೆ. "ಹೊತ್ಕೊಂಡು ಹೋಗಾಂವಗ ಎರಡು ರೊಟ್ಟಿ ಜಾಸ್ತಿ ಹಾಕಬೇಕಲ್ಲವಾ," ಎಂದರು.

ಅವರದೊಂದು ಮಾತಿತ್ತು: ಮುಂಜಾನೆ ಗೇಜು, ದಾರಿಯಾಗ ಕೈ. ಹೊರಡುವ ಮೊದಲು, ಟೈರು ತಣ್ಣಗಿರುವಾಗ ಗೇಜು ಹಿಡಿಯಬೇಕು. ಓಡಿದ ಮೇಲೆ ಟೈರು ಕಾಯುತ್ತದೆ, ಒಳಗಿನ ಗಾಳಿ ಉಬ್ಬುತ್ತದೆ, ಗೇಜು ಹೆಚ್ಚು ತೋರಿಸುತ್ತದೆ. ಆಗ ಗೇಜಿನ ಮಾತು ಕೇಳಬಾರದು. ನಿಂತ ಕಡೆಯಲ್ಲೆಲ್ಲ ಕಾರಿನ ನಾಲ್ಕು, ಕ್ಯಾರವಾನಿನ ಎರಡು, ಹೀಗೆ ಆರು ಗಾಲಿಗೂ ಕೈ ಮುಟ್ಟಿಸಿ ನೋಡಬೇಕು, ಜೊತೆಯದಕ್ಕಿಂತ ಯಾವುದು ಬಿಸಿಯೋ ಅದರಲ್ಲಿ ಏನೋ ಕೆಟ್ಟಿದೆ ಎಂದರ್ಥ. ನನ್ನ ಗಂಡ ಪ್ರಸಾದ್ ಒಮ್ಮೆ ಗೋಲ್ಬರ್ನ್‌ನ ಪೆಟ್ರೋಲ್ ಬಂಕಿನಲ್ಲಿ ಬಿಸಿ ಟೈರಿಗೆ ಗೇಜು ಹಿಡಿದು, ಹೆಚ್ಚಿದೆ ಎಂದು ಗಾಳಿ ಬಿಡಲು ಹೋಗಿದ್ದ. ಅಕ್ಕ ಅವನ ಮಣಿಕಟ್ಟು ಹಿಡಿದುಕೊಂಡರು. "ಬಿಸಿಲಾಗ ಓಡಿ ಬಂದಾವನ ನಾಡಿ ಹಿಡಿದು ರೋಗ ಅಂತೀಯೇನೋ? ಬಿಡು ಅದನ್ನ." ಪ್ರಸಾದ್ ಮೈಸೂರಿನವನು, ಹಿರಿಯರೆದುರು ಬಾಯಿ ಬಿಡುವವನಲ್ಲ. ಸುಮ್ಮನೆ ಮುಚ್ಚಳ ಹಾಕಿದ.

ಇನ್ನು ಭಾವನ ಚಾಳಿಯೊಂದಿತ್ತು. ಅದು ನಮಗೆ ಸದಾ ತಮಾಷೆಯ ವಿಷಯ. ನಿಂತ ಕಡೆಯಲ್ಲೆಲ್ಲ ಅವರು ಫ್ಲಾಸ್ಕ್ ತೊಳೆಯಬೇಕು. ನಲ್ಲಿಯ ಹತ್ತಿರವೇ ತೊಳೆದು ಬಂದರೆ ಆಗದೇ? ಇಲ್ಲ. ನೀರು ತುಂಬಿಸಿಕೊಂಡು ಬಂದು, ಗಾಡಿಯ ಸುತ್ತ ನಡೆಯುತ್ತ ಕುಲುಕಿ ಕುಲುಕಿ ಒಂದೊಂದು ಗಾಲಿಯ ಹತ್ತಿರ ಸ್ವಲ್ಪ ಸ್ವಲ್ಪ ಚೆಲ್ಲುವುದು. "ಶುರುವಾತು ನೋಡು ಇವರ ಅಭಿಷೇಕ," ಎಂದು ಅಕ್ಕ ನಗುತ್ತಿದ್ದರು. ಭಾವನೂ ನಕ್ಕು, "ಪುಣ್ಯ ಬರ್ತದ ತಗೋ," ಎನ್ನುತ್ತಿದ್ದರು.

ಒಂದು ಜನವರಿಯಲ್ಲಿ ಅಕ್ಕನ ತಮ್ಮನ ಹೊಸ ಮನೆಯ ಗೃಹಪ್ರವೇಶ, ಮೆಲ್ಬರ್ನ್‌ನ ಟ್ರುಗನಿನಾದಲ್ಲಿ. "ವಿಮಾನ ಯಾಕ? ನಮ್ಮ ಜೋಡಿ ಬರ್ರಿ," ಎಂದು ನಮ್ಮಿಬ್ಬರನ್ನೂ ಕರೆದರು. ಬೆಳಿಗ್ಗೆ ಹೊರಡುವ ಮೊದಲು ಗೇಜು ಹಿಡಿದು ನೋಡಿದ್ದು ನಾನೇ, ಅಕ್ಕ ಪಕ್ಕದಲ್ಲಿ ನಿಂತು ಮೇಷ್ಟ್ರ ಹಾಗೆ ಕೈಕಟ್ಟಿದ್ದರು. ಆರೂ ಸರಿಯಿದ್ದವು. ಆಲ್ಬರಿಯಲ್ಲಿ ರಾತ್ರಿ ತಂಗಿ, ಮಾರನೆಯ ದಿನ ಬೆಳಿಗ್ಗೆ ಮತ್ತೆ ನೋಡಿ, ರಾಜ್ಯದ ಗಡಿ ದಾಟಿದೆವು. ಇಲ್ಲಿ ಜನವರಿ ಕಡುಬೇಸಿಗೆ, ಬಿಸಿಲು ಎಂದರೆ ಬಿಸಿಲು. ಹನ್ನೊಂದರ ಹೊತ್ತಿಗೆ ಹೈವೇ ಪಕ್ಕದ ತಂಗುದಾಣವೊಂದರಲ್ಲಿ, ನೀಲಗಿರಿ ಮರಗಳ ಕೆಳಗೆ ನಿಲ್ಲಿಸಿದರು.

ಭಾವ ಫ್ಲಾಸ್ಕ್ ಹಿಡಿದು ಇಳಿದರು. ಪ್ರಸಾದ್ ಓಡಿಹೋಗಿ ಅಡ್ಡ ನಿಂತ. "ಸರ್, ನಾವಿರುವಾಗ ನೀವು ತೊಳೆಯೋದಾ? ಕೊಡಿ ಸರ್."

"ಇರಲಿ ಇರಲಿ, ನಾ ತೊಳೀತೀನಿ."

"ಛೆ ಛೆ, ಕೊಡಿ ಸರ್. ನೀವು ನೆರಳಲ್ಲಿ ಕೂತ್ಕೊಳ್ಳಿ."

ಎರಡು ಸಲ ಎಳೆದಾಟವಾಯಿತು. ಹಿರಿಯರ ಕೈಯಿಂದ ಕೆಲಸ ಕಿತ್ತುಕೊಳ್ಳುವುದೇ ಸಂಸ್ಕಾರ ಎಂದು ನಮಗೆ ಹೇಳಿಕೊಟ್ಟಿದ್ದಾರಲ್ಲ. ಪ್ರಸಾದ್ ಫ್ಲಾಸ್ಕನ್ನು ಗೆದ್ದುಕೊಂಡು ದೂರದ ನಲ್ಲಿಗೆ ಹೋದ. ಭಾವ ಎರಡು ಹೆಜ್ಜೆ ಅವನ ಹಿಂದೆ ಹೋಗಿ, ನಿಂತು, ಗಾಡಿಯ ಕಡೆ ನೋಡಿ, ಮತ್ತೆ ಅವನ ಹಿಂದೆಯೇ ಹೋದರು. ಇವರಿಗೇನಪ್ಪಾ ಇಷ್ಟು ಫ್ಲಾಸ್ಕಿನ ಮೋಹ ಎಂದು ನನಗೆ ನಗು.

ಅಕ್ಕ ಅಷ್ಟರಲ್ಲಿ ಕಾರಿನ ನಾಲ್ಕು ಗಾಲಿ ಮುಟ್ಟಿ, ಕ್ಯಾರವಾನಿನ ಎಡಗಾಲಿಯ ಬಳಿ ಕೂತಿದ್ದರು. ಕೈಯ ಹಿಂಬದಿ ಇಟ್ಟರು. "ತಣ್ಣಗ ಅದ," ಎಂದರು. ಆಮೇಲೆ ಮಂಡಿನೋವಿನವರು ಏಳುವಾಗ ಮಾಡುವಂತೆ, ಟೈರಿನ ಪಕ್ಕೆಗೆ ಅಂಗೈ ಊರಿ ಭಾರ ಬಿಟ್ಟರು. ಏಳಲಿಲ್ಲ, ಮಾತು ಶುರುವಾಯಿತು. ಗೃಹಪ್ರವೇಶಕ್ಕೆ ಹೋಳಿಗೆಯನ್ನು ಮನೆಯಲ್ಲೇ ಮಾಡಬೇಕು, ಅಂಗಡಿಯದು ತರಬಾರದು, ಹೂರಣಕ್ಕೆ ಬೇಳೆ ಎಷ್ಟು ಬೇಯಬೇಕು, ಬೆಲ್ಲ ಯಾವಾಗ ಹಾಕಬೇಕು. ನಾನು ಹೂಂ ಹೂಂ ಎನ್ನುತ್ತ, ನನಗೂ ಕಾಲು ಸೋತಿದೆ ಎಂದು ಅವರ ಪಕ್ಕದಲ್ಲಿ ಕುಕ್ಕರಿಸಿ, ಅದೇ ಟೈರಿನ ಮೇಲೆ ಕೈ ಇಟ್ಟೆ.

ಕೆಂಡ. ಅಯ್ಯಮ್ಮಾ ಎಂದು ಹಿಂದಕ್ಕೆ ಬಿದ್ದೆ.

ಅಕ್ಕ ನನ್ನನ್ನು ನೋಡಿ ಬೆರಗಾದರು. "ಯಾಕವಾ? ಏನ್ ಕಚ್ಚಿತು?" ಅವರ ಅಂಗೈ ಇನ್ನೂ ಅಲ್ಲೇ ಇತ್ತು. ಸುಟ್ಟ ರಬ್ಬರಿನ ವಾಸನೆ ಆಗ ನನ್ನ ಮೂಗಿಗೆ ಬಂತು. ಅದರ ಜೊತೆಗೆ ಇನ್ನೊಂದು ವಾಸನೆಯೂ ಬಂತು. ಅದು ಏನೆಂದು ಬರೆಯಲು ನನ್ನಿಂದಾಗದು.

"ಅಕ್ಕಾ, ಕೈ ತೆಗೀರಿ," ಎಂದು ಮಣಿಕಟ್ಟು ಹಿಡಿದು ಎಳೆದೆ. ಅಂಗೈ ಬೆಳ್ಳಗೆ ಉಬ್ಬಿಕೊಂಡಿತ್ತು. ಹೆಬ್ಬೆರಳಿನ ಬುಡದ ಚರ್ಮ ಟೈರಿಗೇ ಅಂಟಿ ಉಳಿದಿತ್ತು. ಅಕ್ಕ ಆ ಕೈಯನ್ನು ತಿರುಗಿಸಿ ತಿರುಗಿಸಿ, ಬೇರೆ ಯಾರದೋ ಕೈ ನೋಡುವಂತೆ ನೋಡಿದರು. ಮುಖದಲ್ಲಿ ನೋವಿನ ಒಂದು ಗೆರೆಯೂ ಇಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಬೇಳೆ ಎಷ್ಟು ಬೇಯಬೇಕು ಎಂದು ಹೇಳುತ್ತಿರುವಾಗಲೇ ಅವರ ಕೈ ಬೇಯುತ್ತಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ.

"ಶುಗರ್ ನೋಡವಾ," ಎಂದರು ಸಣ್ಣ ದನಿಯಲ್ಲಿ. "ಎರಡು ವರ್ಷಾತು. ಮೊದಲ ಪಾದ, ಆಮ್ಯಾಲ ಕೈ. ಬಿಸಿ ತಣ್ಣಗ ಗೊತ್ತಾಗೂದಿಲ್ಲ. ಇವರಿಗೆ ಹೇಳಬ್ಯಾಡ. ಹೇಳಿದರ ಗಾಡಿ ನಿಲ್ಲಸ್ತಾರ. ನಾ ಹೊಡೀಲಿಲ್ಲಂದರ ಇವರಿಗೆ ಯಾರು ತೋರಸ್ತಾರ ಊರು?"

ಎರಡು ವರ್ಷ. ಆ ಎರಡು ವರ್ಷವೂ ನಿಂತ ಕಡೆಯಲ್ಲೆಲ್ಲ ಅವರು ಕೈ ಇಟ್ಟು "ತಣ್ಣಗ ಅದ" ಎಂದಿದ್ದರು, ನಾವು ನಂಬಿ ಹಿಂದೆ ಕೂತು ನಿದ್ದೆ ಮಾಡಿದ್ದೆವು. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕೂಗು ಕೇಳಿ ಭಾವ ಓಡಿ ಬಂದರು. ಆ ಮನುಷ್ಯ ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಅವರು ಅಕ್ಕನ ಕೈ ನೋಡಿದರು, ಟೈರು ನೋಡಿದರು, ಹಿಂದಿನಿಂದ ಬಂದ ಪ್ರಸಾದನ ಕಡೆ ತಿರುಗಿದರು. "ಫ್ಲಾಸ್ಕ್ ಬಿಡ್ರಿ ಅಂದರ ಬಿಡಲಿಲ್ಲ ನೀವು," ಎಂದರು. ಫ್ಲಾಸ್ಕ್ ಇಸಿದುಕೊಂಡು ಇದ್ದ ನೀರನ್ನೆಲ್ಲ ಅಕ್ಕನ ಅಂಗೈ ಮೇಲೆ ಸುರಿದರು. ಕೊನೆಯ ಹನಿಗಳು ಟೈರಿನ ಮೇಲೆ ಬಿದ್ದವು, ಬಿದ್ದ ಜಾಗದಲ್ಲೇ ಆರಿಹೋದವು.

ಆಗ ನನಗೆ ಹೊಳೆಯಿತು. ನನಗಿಂತ ಮೊದಲು ಅಕ್ಕನಿಗೆ ಹೊಳೆದಿತ್ತು. ಅವರು ಆರಿದ ಹನಿಗಳನ್ನೇ ನೋಡುತ್ತಿದ್ದರು.

"ನಿಮಗ ಗೊತ್ತಿತ್ತೇನ್ರೀ?"

"ರೊಟ್ಟಿ ಹಂಚು ಬರಿಗೈಲೆ ಇಳಿಸಿದ್ದಿ ಒಂದಿನ," ಎಂದರು ಭಾವ. "ಅವತ್ತಿಂದ ಗೊತ್ತದ. ನಿನ್ನ ಹಿಂದ ಹಿಂದ ನೀರು ಚೆಲ್ಲಿಕೋತ ಬರ್ತಿದ್ದೆ. ಯಾವ ಗಾಲಿ ಮ್ಯಾಲ ಲಗೂನ ಆರ್ತದೋ ಅದು ಜ್ವರದ್ದು. ಹೇಳಿದರ ನೀ ಗಾಡಿ ಹೊಡಿಯೂದು ಬಿಡ್ತಿದ್ದಿ. ಬಿಟ್ಟರ ನೀ ಉಳೀತಿರಲಿಲ್ಲ."

ಸುಟ್ಟ ಕೈಗೆ ಅಳದ ಅಕ್ಕ ಆಗ ಅತ್ತರು. ಊರು ನೋಡುವುದು ಗಂಡನ ಆಸೆ, ಅವರಿಗಾಗಿ ಓಡಿಸುತ್ತಿದ್ದೇನೆ ಎಂದು ಅಕ್ಕ. ಓಡಿಸುವುದು ಹೆಂಡತಿಯ ಜೀವ, ಅವಳಿಗಾಗಿ ಸುಮ್ಮನಿದ್ದೇನೆ ಎಂದು ಭಾವ. ನಡುವೆ ನಾವಿಬ್ಬರು, ಏನೂ ಗೊತ್ತಿಲ್ಲದೆ ಹಿಂದಿನ ಸೀಟಿನಲ್ಲಿ ಚಕ್ಕುಲಿ ತಿನ್ನುತ್ತಿದ್ದವರು. ಪ್ರಸಾದ್ ಖಾಲಿ ಕೈಯಲ್ಲಿ ನಿಂತಿದ್ದ. ಇವತ್ತಿಗೂ ಅವನು ಯಾರ ಕೈಯಿಂದಲೂ ಕೆಲಸ ಕಿತ್ತುಕೊಳ್ಳುವುದಿಲ್ಲ, ಒಮ್ಮೆ ಕೇಳಿ ಸುಮ್ಮನಾಗುತ್ತಾನೆ.

ಟೈರಿನಲ್ಲಿ ಒಂದು ಸ್ಕ್ರೂ ಹೊಕ್ಕಿತ್ತು. ದಾರಿಯಲ್ಲೆಲ್ಲೋ ಚುಚ್ಚಿ, ಗಾಳಿ ಸೋರಿ, ಮೆತ್ತಗಾದ ಟೈರು ಮಡಚಿ ಮಡಚಿ ಕಾದಿತ್ತು. ಇನ್ನು ಸ್ವಲ್ಪ ದೂರ ಹೋಗಿದ್ದರೆ ಸಿಡಿಯುತ್ತಿತ್ತು, ಕ್ಯಾರವಾನ್ ಕಾರನ್ನೂ ಎಳೆದುಕೊಂಡು ಮಗುಚುತ್ತಿತ್ತು. ಅಕ್ಕ ಬಕೆಟ್ಟಿನ ನೀರಿನಲ್ಲಿ ಕೈ ಮುಳುಗಿಸಿ ಕೂತೇ ಹೇಳಿಕೊಟ್ಟರು, ಪ್ರಸಾದ್ ಸ್ಪೇರ್ ಗಾಲಿ ಹಾಕಿದ. ಹತ್ತಿರದ ಊರಿನ ಆಸ್ಪತ್ರೆಯಲ್ಲಿ ಅಕ್ಕನ ಕೈಗೆ ಪಟ್ಟಿ ಕಟ್ಟಿಸಿ, ಕ್ಯಾರವಾನನ್ನು ಅಲ್ಲೇ ಒಂದು ಕಡೆ ಬಿಟ್ಟು, ಪ್ರಸಾದ್ ಕಾರು ಓಡಿಸಿದ. ಅಕ್ಕ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ. ಅಲ್ಲಿಂದ ರಸ್ತೆ ಕಾಣುವುದಿಲ್ಲ ಎಂದು ಒಮ್ಮೆ ಹೇಳಿದರು.

ಗೃಹಪ್ರವೇಶದ ದಿನ ಮಂಗಳಾರತಿ ಬಂದಾಗ ಅಕ್ಕ, ಬಲಗೈಗೆ ಪಟ್ಟಿ ಇದ್ದದ್ದರಿಂದ, ಎಡಗೈ ಚಾಚಿದರು, ಉರಿಯ ಮೇಲೆ ಹಿಡಿದರು. ಹಿಡಿದೇ ಇದ್ದರು. ಭಾವ ಅವರ ಮಣಿಕಟ್ಟು ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದು, "ಸಾಕು, ಬಿಸಿ ಅದ," ಎಂದರು. ಅಷ್ಟು ಜನರಲ್ಲಿ ಅದನ್ನು ಗಮನಿಸಿದವಳು ನಾನೊಬ್ಬಳೇ ಇರಬೇಕು.

ಅಕ್ಕ ಮತ್ತೆ ಗಾಡಿ ಓಡಿಸಲಿಲ್ಲ. ಡಾಕ್ಟರು ಬೇಡವೆಂದರು. ಕೆಲಸ ಬಿಟ್ಟು ತಮ್ಮನ ಹತ್ತಿರ ಟ್ರುಗನಿನಾಕ್ಕೇ ಹೋದರು, ಕ್ಯಾರವಾನ್ ಅವರ ಮನೆಯ ಪಕ್ಕ ನಿಂತಿತು. ಆಮೇಲೆ ನಡೆದದ್ದನ್ನು ಕೇಳಿದಾಗ ನಾನು ದಂಗಾದೆ. ಅಂಜುಬುರುಕ ಭಾವ ಅರವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತರು. ಮತ್ತೆ ಮತ್ತೆ ಫೇಲಾಗಿ, ಕೊನೆಗೆ ಪಾಸಾದರು. ಕ್ಯಾರವಾನ್ ಎಳೆದುಕೊಂಡು ಹತ್ತಿರದ ಜೀಲಾಂಗ್ ತನಕ ಹೋದರು. ಅವರ ಇಡೀ ದೇಶ ಅಷ್ಟೇ. "ಹಿಂದ ಲಾರಿಯವರೆಲ್ಲಾ ಹಾರ್ನ್ ಹೊಡದಾರ, ಇವರು ಕೈ ಮುಗಿದಾರ," ಎಂದು ಅಕ್ಕ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದರು. ನಿಂತ ಕಡೆ ಭಾವ ಗಾಲಿ ಮುಟ್ಟುವುದು, ಹಿಂದೆ ಅಕ್ಕ ಫ್ಲಾಸ್ಕಿನ ನೀರು ಚೆಲ್ಲುವುದು. "ಈಗ ಪುಣ್ಯ ನನ್ನ ಪಾಲಿಗೆ," ಎಂದಿದ್ದರು.

ಸುದ್ದಿ ಬಂದ ಮಾರನೆಯ ದಿನ ನಾವು ಟ್ರುಗನಿನಾಕ್ಕೆ ಹೋದೆವು. ಮನೆ ತುಂಬ ಜನ. ಭಾವ ಹೊರಗೆ ಕ್ಯಾರವಾನಿನ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಕೂತೆ. ತಾವಾಗಿಯೇ ಹೇಳಿದರು.

"ಎರಡು ದಿನ ಆಸ್ಪತ್ರೆಯಾಗ ಅಕಿ ಕೈ ಹಿಡಕೊಂಡೇ ಕೂತಿದ್ದೆನವಾ. ಅಕಿಗೆ ಗೊತ್ತಾಗತಿರಲಿಲ್ಲ. ಕಣ್ಣು ಮುಚ್ಚಿದಾಗೆಲ್ಲಾ 'ಎಲ್ಲಿದ್ದೀರಿ?' ಅಂತ ಕೇಳೋದು. 'ಇಲ್ಲೇ, ಕೈ ಹಿಡಕೊಂಡೀನಿ' ಅಂತ ನಾ ಬಾಯಿಲೆ ಹೇಳೋದು. ಕಡೀಸಲ, 'ನನ್ನ ಕೈ ಹೆಂಗದ? ಬಿಸಿ ಅದನೋ, ತಣ್ಣಗ ಅದನೋ?' ಅಂದಳು."

ಅವರು ತಮ್ಮ ಅಂಗೈ ನೋಡಿಕೊಂಡರು.

"ಬೆಚ್ಚಗ ಅದ ಅಂದೆ," ಎಂದರು ಭಾವ. "ತಣ್ಣಗಾಗಲಿಕ್ಕೆ ಹತ್ತಿತ್ತವಾ."